ಬಾರದ ವಿಮಾನಕ್ಕೆ ಗಾಳಿ ನೋಡಿದ್ದು

ನಾನು ಎರಡು ವರ್ಷ ಗಾಳಿ ನೋಡೋ ಕೆಲಸ ಮಾಡಿದೀನಿ ಅಂದ್ರೆ ಈಗ ನಮ್ಮ ಮನೆಯಲ್ಲಿ ಎಲ್ಲರೂ ನಗ್ತಾರೆ. ನಗಲಿ. ರಾಗಿ ಬೀಸಿದೆ, ಸೊಪ್ಪು ಕುಯ್ದೆ, ಸಗಣಿ ಬಾಚಿದೆ ಅಂದ್ರೆ ಯಾರೂ ನಗಲ್ಲ, ಅದು ಹೆಂಗಸು ಮಾಡೋ ಕೆಲಸ ಅಂತ ಅವರಿಗೆ ಗೊತ್ತು. ಗಾಳಿ ನೋಡೋದು ಅಂದ್ರೆ ಕೆಲಸವಿಲ್ಲದೆ ಆಕಾಶ ನೋಡ್ಕೊಂಡು ಕೂತಿದ್ದೆ ಅಂದ್ಕೋತಾರೆ. ನನ್ನ ಜೀವಮಾನದಲ್ಲಿ ನಾನು ಅಷ್ಟು ಸುಸ್ತಾಗಿದ್ದು ಇನ್ಯಾವತ್ತೂ ಇಲ್ಲ.

ನಾನು ಸೊಸೆಯಾಗಿ ಬಂದ ಊರು ದೇವನಹಳ್ಳಿಯಿಂದ ಅದೇ ತಾಲ್ಲೂಕಿನ ಚನ್ನರಾಯಪಟ್ಟಣದ ಕಡೆಗೆ ಹೋಗೋ ದಾರಿ ಬಿಟ್ಟು ಒಳಗೆ ನಡೆದ್ರೆ ಸಿಗುತ್ತೆ. ನನ್ನ ತವರು ದೊಡ್ಡಬೆಳವಂಗಲದ ಆಚೆ ಒಂದು ಹಳ್ಳಿ. ಹೇಳೋಕೆ ಪಕ್ಕಪಕ್ಕದ ತಾಲ್ಲೂಕು. ನಡೆದೋರಿಗೆ ಗೊತ್ತು ಅದರ ಕಷ್ಟ. ಬೆಳಗ್ಗೆ ಕೋಳಿ ಕೂಗೋ ಹೊತ್ತಿಗೆ ಹೊರಟು ದೇವನಹಳ್ಳಿಗೆ ನಡೀಬೇಕು. ಅಲ್ಲಿ ದೊಡ್ಡಬಳ್ಳಾಪುರದ ಬಸ್ಸಿಗೆ ಕಾಯಬೇಕು, ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ದೊಡ್ಡಬಳ್ಳಾಪುರದಲ್ಲಿ ಇಳಿದು ಇನ್ನೊಂದಕ್ಕೆ ಕಾಯಬೇಕು. ದೊಡ್ಡಬೆಳವಂಗಲದಲ್ಲಿ ಇಳಿದು ಮತ್ತೆ ಹೊಲದ ಬದುವಿನ ಮೇಲೆ ನಡೀಬೇಕು. ಕಂಕುಳಲ್ಲಿ ಮಗು, ತಲೆ ಮೇಲೆ ಗಂಟು. ಅವ್ವನ ಮನೆ ಬಾಗಿಲಿಗೆ ಹೋದಾಗ ದೀಪ ಹಚ್ಚಿರೋರು. ಮಾರನೇ ದಿನ ಮಧ್ಯಾಹ್ನಕ್ಕೆ ಮತ್ತೆ ಹೊರಡೋ ಯೋಚನೆ. ಹಿಂಗಾಗಿ ಮದುವೆ ಆದ ಮೇಲೆ ಅವ್ವನ ಮುಖ ನೋಡೋದು ವರ್ಷಕ್ಕೊಂದು ಸಲ ಆದ್ರೆ ಹೆಚ್ಚು. ಅಪ್ಪ ಇರಲಿಲ್ಲ. ಅವ್ವನಿಗೆ ನಾನೊಬ್ಬಳೇ ಮಗಳು, ಮೇಲೆ ಒಬ್ಬ ಅಣ್ಣ.

ಅರವತ್ತರ ದಶಕ ಮುಗೀತಾ ಬಂದಿತ್ತು. ಯುಗಾದಿ ಕಳೆದ ಮೇಲೆ ಒಂದು ದಿನ ನಮ್ಮೂರ ಗೋಮಾಳಕ್ಕೆ ಜೀಪು ಬಂತು. ಯಾವ ಇಲಾಖೆಯದೋ, ಅದರ ಮೇಲೆ ಬರೆದಿದ್ದೆಲ್ಲ ಇಂಗ್ಲಿಷಿನಲ್ಲಿತ್ತು, ನಾನು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಗೋಮಾಳದ ದಿಬ್ಬದ ಮೇಲೆ ಉದ್ದನೆಯ ಕಬ್ಬಿಣದ ಕಂಬ ನೆಟ್ಟರು. ಅದರ ತುದಿಯಲ್ಲಿ ತಿರುಗೋ ಬಟ್ಟಲುಗಳು, ಅದರ ಪಕ್ಕದಲ್ಲಿ ಗಾಳಿ ಬಂದ ಕಡೆಗೆ ಮೂತಿ ತಿರುಗಿಸೋ ಒಂದು ಬಾಣ. ಕೆಳಗೆ ಗಾಜಿನ ಮುಚ್ಚಳದ ಪೆಟ್ಟಿಗೆ, ಅದರೊಳಗೆ ಅಂಕಿ ಉರುಳೋದು. ಊರಿನವರು ಅದಕ್ಕೆ ಗಾಳಿಕಂಬ ಅಂತ ಹೆಸರಿಟ್ಟರು.

ದಿಬ್ಬದ ಪಕ್ಕದ ಹೊಲ ನಮ್ಮದು ಅನ್ನೋ ಕಾರಣಕ್ಕೆ ಕಂಬ ಕಾಯೋ ಕೆಲಸ, ಅಂಕಿ, ಬಾಣದ ದಿಕ್ಕು ಬರೆದು ಕಳಿಸೋ ಕೆಲಸ ನಮ್ಮ ಯಜಮಾನರಿಗೆ ಕೊಟ್ಟರು. ಯಜಮಾನರು ನಮ್ಮ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡೋ ಮಿಷನ್ ಮನೆಯಲ್ಲಿ ದುಡೀತಿದ್ದರು, ವಾರಕ್ಕೊಮ್ಮೆ ಊರಿಗೆ ಬರೋರು. ಆದ್ರೂ ಬಾಯಿ ತುಂಬ "ಆಗಲಿ ಸ್ವಾಮಿ" ಅಂದು ಒಪ್ಕೊಂಡ್ರು. ಆಮೇಲೆ ಒಳಗೆ ಬಂದು ನನಗೆ ಹೇಳಿದ್ರು, "ಲೇ, ಮೂರು ಹೊತ್ತು ಒಂದು ಅಂಕಿ ನೋಡೋದು ಅಷ್ಟೇ. ನಿನಗೇನು ಕಷ್ಟ?"

ಕಷ್ಟ ಏನು ಅಂತ ಹೇಳ್ತೀನಿ. ಬೆಳಗ್ಗೆ ಎದ್ದು ಕಸ ಗುಡಿಸಿ ಹಾಲು ಕರೆದು ಒಲೆ ಹಚ್ಚೋ ಮೊದಲು ದಿಬ್ಬ ಹತ್ತಬೇಕು. ಮಧ್ಯಾಹ್ನ ಮುದ್ದೆ ತಿರುವಿ ಕೈ ತೊಳೆಯೋಷ್ಟರಲ್ಲಿ ಮತ್ತೆ ಹತ್ತಬೇಕು. ಸಂಜೆ ದನ ಬರೋ ಹೊತ್ತಿಗೆ ಇನ್ನೊಂದು ಸಲ. ಇದರ ಜೊತೆಗೆ ಮನೆಯಲ್ಲಿ ರೇಷ್ಮೆ ಹುಳ. ಹುಳ ನಾಲ್ಕನೇ ಜ್ವರ ಎದ್ದ ಮೇಲೆ, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ, ಹಗಲಿಲ್ಲ ಇರುಳಿಲ್ಲ, ಸೊಪ್ಪು ಹಾಕಿದಷ್ಟೂ ತಿನ್ನುತ್ತೆ. ಅತ್ತೆಯವರು, ನನ್ನ ಓರಗಿತ್ತಿ, ನಾನು, ಮೂವರೂ ಸೊಪ್ಪಿಗೆ ಓಡೋದೇ ಓಡೋದು. ಹುಳ ಇದ್ರೂ ಒಂದೇ, ಹಬ್ಬ ಇದ್ರೂ ಒಂದೇ, ಮಗುವಿಗೆ ಜ್ವರ ಬಂದ್ರೂ ಒಂದೇ, ಗಾಳಿ ಮಾತ್ರ ನೋಡಲೇಬೇಕು. ಸಂಬಳ ಅತ್ತೆಯವರ ಕೈಗೆ ಹೋಗೋದು. ಅದಕ್ಕೆ ನಾನು ತಕರಾರು ಮಾಡಿದವಳಲ್ಲ, ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಅಷ್ಟೇ.

ನಾನು ಮೊದಲನೇ ವಾರದಲ್ಲೇ ಬಿಟ್ಟುಬಿಡ್ತಿದ್ದೆ. ಬಿಡದೇ ಇದ್ದದ್ದು ಕಂಬ ನೆಡಿಸಿದ ಇಂಜಿನಿಯರ್ ಹೇಳಿದ ಮಾತಿನಿಂದ. ಅವರು ಬೆಂಗಳೂರಿನವರು, ನಡುವಯಸ್ಸು, ಮಾತು ಮೆದು. ಕಂಬ ನೋಡೋಕೆ ಬಂದಾಗ ಯಜಮಾನರ ಬದಲು ನಾನು ಬರೀತಿರೋದು ಅವರಿಗೆ ಗೊತ್ತಾಯ್ತು. ಬೈಲಿಲ್ಲ. "ಯಾರಾದ್ರೂ ಒಬ್ಬರೇ ನೋಡಲಿ, ಕೈ ಬದಲಾಗಬಾರದು, ಅಷ್ಟೇ" ಅಂದ್ರು. ಇದೆಲ್ಲ ಯಾಕೆ ಸ್ವಾಮಿ ಅಂತ ಕೇಳಿದೆ.

"ಬೆಂಗಳೂರಿನ ವಿಮಾನ ನಿಲ್ದಾಣ ಸಾಲ್ತಾ ಇಲ್ಲಮ್ಮ. ಮುಂದೆ ಇನ್ನೂ ದೊಡ್ಡ ವಿಮಾನ ಬರ್ತವೆ, ಜನ ಜಾಸ್ತಿ ಆಗ್ತಾರೆ. ಅದನ್ನೇ ದೊಡ್ಡದು ಮಾಡೋದೋ, ಹೊಸ ಜಾಗ ಹುಡುಕೋದೋ ಅಂತ ಯೋಚನೆ. ಈ ಜಾಗವೂ ಒಂದು ನೋಡೋಣ ಅಂದಿದಾರೆ. ವಿಮಾನ ಗಾಳಿಗೆ ಎದುರಾಗಿ ಏಳಬೇಕು, ಎದುರಾಗಿ ಇಳೀಬೇಕು. ಅದು ಓಡೋ ದಾರಿನ ಒಂದು ಸಲ ಹಾಕಿದ್ರೆ ಆಮೇಲೆ ಕಿತ್ತು ತಿರುಗಿಸೋಕಾಗಲ್ಲ. ಅದಕ್ಕೇ ಒಂದು ವರ್ಷದ ಗಾಳಿ ಪೂರ್ತಿ ನೋಡಬೇಕು, ಮಧ್ಯೆ ತಪ್ಪಬಾರದು."

"ಇಲ್ಲಿಗೆ ಬಂದ್ರೆ ನಮಗೇನು ಸ್ವಾಮಿ?"

"ರೋಡು ಬರುತ್ತೆ. ವಿಮಾನ ಇಳಿಸಿಬಿಟ್ರೆ ಆಯ್ತಾ, ಜನ ಬಂದು ಸೇರಬೇಕಲ್ಲ. ಹೈವೇಯಿಂದ ಇಲ್ಲಿಗೊಂದು ಟಾರು ರೋಡು, ಇಲ್ಲಿಂದ ನೇರವಾಗಿ ದೊಡ್ಡಬಳ್ಳಾಪುರಕ್ಕೊಂದು, ಅಲ್ಲಿಂದ ದಾಬಸ್‌ಪೇಟೆ ಕಡೆಗೆ. ಬಸ್ಸು ಬಿಡಲೇಬೇಕು."

"ದೊಡ್ಡಬೆಳವಂಗಲದ ಮೇಲೆ ಹೋಗುತ್ತಾ?"

"ಹೋಗದೆ ಇನ್ನೆಲ್ಲಿ ಹೋಗುತ್ತೆ?"

ಅವರಿಗೆ ಅದು ಅರ್ಧ ಗಳಿಗೆಯ ಮಾತು, ಹೇಳಿ ಜೀಪು ಹತ್ತಿದ್ರು. ನನಗೆ ಅವತ್ತಿನಿಂದ ಒಂದೇ ಗುಂಗು. ನಮ್ಮೂರ ಬಾಗಿಲಲ್ಲಿ ಬಸ್ಸು ಹತ್ತೋದು, ಅವ್ವನ ಊರಿನ ಬಾಗಿಲಲ್ಲಿ ಇಳಿಯೋದು. ಬೆಳಗ್ಗೆ ಹೋಗಿ ಅವ್ವನ ತಲೆ ಬಾಚಿ, ಒಂದು ತುತ್ತು ಉಂಡು, ಸಂಜೆಗೆ ಬಂದು ದನ ಕಟ್ಟೋದು. ವಿಮಾನ ಕಟ್ಕೊಂಡು ನನಗೇನಾಗಬೇಕಿತ್ತು? ನಾನು ಗಾಳಿ ನೋಡಿದ್ದು ಬಸ್ಸಿಗೆ.

ಗೌರಿ ಹಬ್ಬಕ್ಕೆ ಅಣ್ಣ ತವರಿನ ಬಾಗಿನ ತಗೊಂಡು ಬಂದ. ಅವನನ್ನ ದಿಬ್ಬಕ್ಕೆ ಕರ್ಕೊಂಡು ಹೋಗಿ ಕಂಬ ತೋರಿಸಿದೆ, ಬಸ್ಸಿನ ವಿಷಯ ಹೇಳಿದೆ. ಅಣ್ಣ ಕತ್ತೆತ್ತಿ ಬಟ್ಟಲು ತಿರುಗೋದು ನೋಡಿ, "ಇದು ತಿರುಗಿದ್ರೆ ಬಸ್ಸು ಬರುತ್ತಾ? ಸರಿಯಾಗಿ ಕೇಳ್ಕೊಂಡ್ಯಾ ನೀನು?" ಅಂದ. ಆದ್ರೂ ಊರಿಗೆ ಹೋಗಿ ಅವ್ವನಿಗೆ ಹೇಳಿದಾನೆ. ಅವ್ವ ಇಡೀ ಊರಿಗೆ ಹೇಳಿದಾಳೆ. ನಮ್ಮ ಹುಡುಗಿ ಗೌರ್ಮೆಂಟ್ ಕೆಲಸದಲ್ಲಿದಾಳೆ, ಬಸ್ಸು ತರ್ತಾಳೆ, ಬರೋವಾಗ ಬಸ್ಸಲ್ಲೇ ಬರ್ತಾಳೆ ಅಂತ.

ಪುಷ್ಯ ಮಾಸದಲ್ಲಿ ಯಜಮಾನರು ವಿಜಯಪುರದಿಂದ ಸುದ್ದಿ ತಂದ್ರು. ದೊಡ್ಡಬಳ್ಳಾಪುರದ ಕಡೆಯ ರೇಷ್ಮೆ ವ್ಯಾಪಾರದವರು ಯಾರೋ ಹೇಳಿದ್ರಂತೆ, ನನ್ನ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡಿದಾಳೆ ಅಂತ. ನಾನು ಅತ್ತೆಯವರನ್ನ ಕೇಳೋಕೆ ಕೂಡ ನಿಲ್ಲಲಿಲ್ಲ, ಹೊರಡ್ತೀನಿ ಅಂದೆ. ಓರಗಿತ್ತಿಗೆ ಪೆಟ್ಟಿಗೆ ತೋರಿಸಿ ಅಂಕಿ ಹೆಂಗೆ ಬರೀಬೇಕು ಅಂತ ಹೇಳ್ಕೊಟ್ಟೆ. ಕೈ ಬದಲಾಗಬಾರದು ಅಂದಿದ್ರು, ಏನು ಮಾಡೋದು, ಎರಡು ದಿನದ ಮಾತು. "ಅಕ್ಕ, ಯಾರನ್ನೂ ಕಂಬದ ಹತ್ತಿರ ಬಿಡಬೇಡ" ಅಂತ ಕೈ ಹಿಡಿದು ಹೇಳಿ ಹೋದೆ.

ಯಾಕೆ ಹಂಗೆ ಹೇಳಿದೆ ಅಂದ್ರೆ ಅದು ಕಣದ ಕಾಲ. ಊರಿನವರೆಲ್ಲ ರಾಗಿ ತುಳಿಸಿ ರಾಶಿ ಮಾಡ್ಕೊಂಡು ತೂರೋಕೆ ಗಾಳಿಗೆ ಕಾಯ್ತಾ ಕೂತಿದ್ದರು. ನಮ್ಮೂರ ಕಣ ಇರೋದು ತೋಪಿನ ಮರೆಯ ತಗ್ಗಿನಲ್ಲಿ. ಅಲ್ಲಿ ಒಂದು ಎಲೆ ಅಲ್ಲಾಡ್ತಿಲ್ಲ, ಮೊರ ಹಿಡಿದು ನಿಂತೋರು ನಿಂತೇ ಇದಾರೆ, ಹೊಟ್ಟು ಕಾಳು ಎಲ್ಲ ಕಾಲ ಬುಡಕ್ಕೇ ಬೀಳ್ತಿದೆ. ತಲೆ ಎತ್ತಿ ನೋಡಿದ್ರೆ ದಿಬ್ಬದ ಮೇಲೆ ಕಂಬದ ಬಟ್ಟಲು ಗಿರಗಿರ ತಿರುಗ್ತಿದೆ. ಯಾರಿಗಾದ್ರೂ ಏನನ್ನಿಸುತ್ತೆ? ಈ ಕಂಬವೇ ಗಾಳಿನೆಲ್ಲ ಕುಡಿದುಬಿಡ್ತಿದೆ, ನಮಗೆ ಬಿಡ್ತಿಲ್ಲ ಅಂತ ಊರಲ್ಲಿ ಗುಸುಗುಸು ಶುರುವಾಗಿತ್ತು. ಹೋದ ವರ್ಷ ಕಂಬ ಇರಲಿಲ್ಲ, ಗಾಳಿ ಇತ್ತು. ಈ ವರ್ಷ ಕಂಬ ಇದೆ, ಗಾಳಿ ಇಲ್ಲ. ಲೆಕ್ಕ ಸರಿಯಾಗಿಯೇ ಇತ್ತು ಅವರದು. ನಾನು ದಿಬ್ಬ ಎತ್ತರ, ಕಣ ತಗ್ಗು ಅಂದ್ರೆ ಯಾರು ಕೇಳ್ತಾರೆ?

ತವರಿಗೆ ಹೋದೆ. ಅವ್ವ ನಡುಮನೆಯಲ್ಲಿ ಚಾಪೆ ಮೇಲೆ ಮಲಗಿದ್ದಳು. ನಾಟಿ ವೈದ್ಯರು ಸೊಪ್ಪು ಕಟ್ಟಿ ಪಟ್ಟಿ ಸುತ್ತಿದ್ದರು. ನನ್ನ ಕಂಡು ಏಳೋಕೆ ಹೋಗಿ ಆಗದೆ ನೋವಿಗೆ ಮುಖ ಕಿವುಚಿದಳು. "ಮತ್ತೆ ಯಾವಾಗ ಬರ್ತೀಯ ಮಗ?" ಅಂತ ಅವತ್ತೇ ಕೇಳಿದಳು, ಇನ್ನೂ ನಾನು ಕಾಲು ತೊಳೆದಿಲ್ಲ. "ಬಸ್ಸು ಬರಲಿ ಅವ್ವ, ವಾರವಾರ ಬರ್ತೀನಿ" ಅಂದೆ. ಅವ್ವ ಹೂಂ ಅಂದಳು. ನೋಡೋಕೆ ಬಂದ ಅಕ್ಕಪಕ್ಕದ ಹೆಂಗಸರಿಗೆ ಅದನ್ನೇ ತಿರುಗಿಸಿ ಹೇಳಿದಳು.

ವಾಪಸು ಬಂದು ನೋಡ್ತೀನಿ, ಕಂಬದ ಬಟ್ಟಲಿಗೆಲ್ಲ ಹುಲ್ಲಿನ ಹಗ್ಗ ಸುತ್ತಿ ಬಿಗಿದು ಕಟ್ಟಿದಾರೆ. ಅಂಕಿ ನಿಂತಲ್ಲೇ ನಿಂತಿದೆ. ಓರಗಿತ್ತಿ ಮೂರು ಹೊತ್ತೂ ಹೋಗಿ ಅದೇ ಅಂಕಿನ ಶ್ರದ್ಧೆಯಿಂದ ಬರೆದಿಟ್ಟಿದಾಳೆ. ಯಾರು ಕಟ್ಟಿದ್ದು ಅಂದ್ರೆ ಬಾಯಿ ಬಿಡಲ್ಲ. ಕೊನೆಗೆ ಅತ್ತೆಯವರೇ ಅಂದ್ರು, "ನಾನೇ ಕಟ್ಟಿಸಿದ್ದು ಕಣೇ. ನಮ್ಮ ರಾಗಿ ಕಣದಲ್ಲಿ ಕೊಳೀಲಾ? ಕಟ್ಟಿದ ಮಧ್ಯಾಹ್ನಾನೇ ಗಾಳಿ ಬಂತು. ಬೇಕಾದ್ರೆ ಊರಿನವರನ್ನ ಕೇಳು."

ಬಂದಿತ್ತು ಗಾಳಿ, ಅದೂ ನಿಜ. ಊರಿನವರ ರಾಗಿಯೆಲ್ಲ ತೂರಿ ಮನೆ ಸೇರಿತ್ತು. ಇನ್ನು ಆ ಊರಲ್ಲಿ ಯಾರ ಹತ್ತಿರ ವಾದ ಮಾಡಲಿ? ನನಗೆ ಕೆಟ್ಟ ಕೋಪ ಬಂತು. ಕೋಪ ಮಾಡ್ಕೊಂಡು ಏನು ಮಾಡೋದು, ಅವತ್ತೂ ಮುದ್ದೆ ನಾನೇ ತಿರುವಬೇಕಿತ್ತು.

ಗ್ರಹಚಾರಕ್ಕೆ ಹಗ್ಗ ಬಿಚ್ಚೋಕೆ ಮುಂಚೆಯೇ ಇಂಜಿನಿಯರ್ ಜೀಪು ಬಂತು. ಅವರು ಕಂಬ ನೋಡಿದ್ರು, ನನ್ನ ಮುಖ ನೋಡಿದ್ರು. ನಾನು ನಡೆದದ್ದು ನಡೆದ ಹಾಗೆ ಹೇಳಿದೆ. ಅವರು ದಿಬ್ಬದ ಕಲ್ಲಿನ ಮೇಲೆ ಕೂತು ಟೋಪಿ ತೆಗೆದು ಬಹಳ ಹೊತ್ತು ತಲೆ ಸವರ್ಕೊಂಡ್ರು.

"ಏನಮ್ಮ ಮಾಡಲಿ ಈಗ ನಾನು? ಮಧ್ಯೆ ಹಿಂಗೆ ತಪ್ಪಿದ್ರೆ ಮೇಲಿನವರು ಒಪ್ಪಲ್ಲ. ಮತ್ತೆ ಮೊದಲಿಂದ ಒಂದು ವರ್ಷ ನೋಡಬೇಕು."

"ಇನ್ನೂ ಒಂದು ವರ್ಷವಾ ಸ್ವಾಮಿ? ನಮ್ಮ ಅವ್ವ ಮಲಗಿಬಿಟ್ಟಿದಾಳೆ."

"ಬಿಡ್ತೀನಿ ಅಂದ್ರೆ ಬಿಡಿ, ನಾನು ಬೇಡ ಅನ್ನಲ್ಲ. ಕಂಬ ಕಿತ್ಕೊಂಡು ಬೇರೆ ಊರಲ್ಲಿ ನೆಡ್ತೀನಿ. ಈ ಜಾಗದ ವಿಚಾರ ಇಲ್ಲಿಗೆ ಮುಗಿಯುತ್ತೆ, ಅಷ್ಟೇ."

ಅಂದ್ರೆ ರೋಡಿನ ವಿಚಾರವೂ ಮುಗಿಯುತ್ತೆ, ಬಸ್ಸಿನದೂ. ಅವ್ವ ಇನ್ನು ಎದ್ದು ಓಡಾಡಲ್ಲ ಅಂತ ನನಗೆ ಅನ್ನಿಸಿಹೋಗಿತ್ತು. ವರ್ಷಕ್ಕೊಂದು ಸಲ ಹೋಗಿ ಒಂದು ರಾತ್ರಿ ಕಳೆದು ಬಂದ್ರೆ ಅದು ಯಾವ ಸೇವೆ? ಒಂದು ವರ್ಷ ಹಲ್ಲು ಕಚ್ಕೊಂಡಿದ್ರೆ ಆಮೇಲೆ ವಾರವಾರ ಹೋಗಬಹುದು. ಹಂಗಂದ್ಕೊಂಡು "ಇನ್ನೊಂದು ವರ್ಷ ನೋಡ್ತೀನಿ ಸ್ವಾಮಿ" ಅಂದೆ. ಆ ಒಂದು ಮಾತು ಆಡೋಕೆ ನನ್ನನ್ನ ಯಾರೂ ಬಲವಂತ ಮಾಡಲಿಲ್ಲ.

ಎರಡನೇ ವರ್ಷದ ವಿಷಯ ಹೆಚ್ಚು ಹೇಳೋಕಿಲ್ಲ. ಮೊದಲನೇ ವರ್ಷದಲ್ಲಿ ಗಾಳಿ ಮೇಲೆ ಒಂಥರಾ ಅಕ್ಕರೆ ಇತ್ತು, ಎರಡನೇ ವರ್ಷ ಅದೂ ಹೋಯ್ತು. ಆಷಾಢದಲ್ಲಿ ಊರಿನ ಹೊಸ ಸೊಸೆಯರೆಲ್ಲ ತವರಿಗೆ ಹೊರಟ್ರು, ನಾನು ದಿಬ್ಬಕ್ಕೆ ಹೊರಟೆ. ಆಷಾಢದ ಗಾಳಿಯೇ ಮುಖ್ಯ, ಒಂದು ಹೊತ್ತೂ ಬಿಡಬೇಡಿ ಅಂತ ಇಂಜಿನಿಯರ್ ಹೇಳಿ ಕಳಿಸಿದ್ರು. ಆ ಗಾಳಿಯಲ್ಲಿ ಸೆರಗು ನಿಲ್ಲೋದಿಲ್ಲ, ಕಣ್ಣಿಗೆ ಮಣ್ಣು, ಮಗು ಅಳುತ್ತೆ. ಪೆಟ್ಟಿಗೆಯ ಗಾಜು ಸೆರಗಿನಲ್ಲಿ ಒರೆಸಿ ಬಗ್ಗಿ ನೋಡೋದು, ಬರಿಯೋದು, ಇಳಿಯೋದು. ಓರಗಿತ್ತಿ ಪಾಪ ಒಳ್ಳೆಯವಳೇ, "ಹೋಗಿ ಬಾರೇ, ಈ ಸಲ ನೆಟ್ಟಗೆ ನೋಡ್ಕೋತೀನಿ" ಅಂದಳು. ನಾನು ಯಾರನ್ನೂ ನಂಬೋ ಸ್ಥಿತಿಯಲ್ಲಿರಲಿಲ್ಲ.

ಗೌರಿ ಹಬ್ಬಕ್ಕೆ ಅಣ್ಣ ಬರಲಿಲ್ಲ, ದೇವನಹಳ್ಳಿ ಕಡೆ ಬರೋರ ಕೈಲಿ ಬಾಗಿನ ಕಳಿಸಿದ. ಜೊತೆಗೆ ಹೇಳಿ ಕಳಿಸಿದ್ದು ಒಂದೇ ಮಾತು, ಅವ್ವ ಹಂಗೇ ಇದಾಳೆ ಅಂತ. ಹಂಗೇ ಅಂದ್ರೆ ಹೆಂಗೆ? ಉಣ್ತಾಳಾ, ಮಗ್ಗುಲು ಬದಲಾಯಿಸ್ತಾಳಾ, ನನ್ನ ಕೇಳ್ತಾಳಾ? ಬಂದವರಿಗೆ ಅದೆಲ್ಲ ಗೊತ್ತಿಲ್ಲ, ಅವರು ಎಲೆ ಅಡಿಕೆ ಹಾಕ್ಕೊಂಡು ಹೊರಟ್ರು. ನಾನು ಬಾಗಿನದ ಮೊರ ಹಿಡ್ಕೊಂಡು ಅಡುಗೆಮನೆಯಲ್ಲಿ ಕೂತು ಅತ್ತೆ. ಅತ್ತು ಮುಗಿಸಿ ದಿಬ್ಬಕ್ಕೆ ಹೋದೆ, ಹೊತ್ತಾಗಿತ್ತು.

ಕಣದ ಕಾಲ ಮತ್ತೆ ಬಂತು. ಈ ಸಲ ನಾನು ಕಂಬದ ಬುಡದಲ್ಲೇ ಕೂತುಬಿಟ್ಟೆ. ಸೊಪ್ಪು ಬಿಡಿಸೋದು, ಅಕ್ಕಿ ಆರಿಸೋದು ಎಲ್ಲ ಅಲ್ಲೇ. ಅತ್ತೆಯವರು ದಿಬ್ಬದ ಕೆಳಗೆ ನಿಂತು, "ಮನೆ ರಾಗಿಗಿಂತ ಸರ್ಕಾರದ ಕಂಬ ಹೆಚ್ಚಾಯ್ತೇನೇ ನಿನಗೆ?" ಅಂದ್ರು. "ಹೌದು, ಹೆಚ್ಚಾಯ್ತು" ಅಂದೆ. ಆಮೇಲೆ ಅವರು ನನ್ನ ಹತ್ತಿರ ಬಹಳ ದಿನ ಮಾತಾಡಲಿಲ್ಲ. ಊರಿನವರು ಗಾಳಿಗೆ ಕಾದು ಕಾದು ಕೊನೆಗೆ ಹೆಂಗೋ ತೂರ್ಕೊಂಡ್ರು. ನಾನು ಕಣದ ಹತ್ತಿರ ಹೋದ್ರೆ ಹೆಂಗಸರು ಮಾತು ನಿಲ್ಲಿಸೋರು.

ವರ್ಷ ತುಂಬ್ತು, ತಪ್ಪಿಲ್ಲದೆ ತುಂಬ್ತು. ಇಂಜಿನಿಯರ್ ಬಂದು ಭೇಷ್ ಅಂತಾರೆ, ರೋಡು ಯಾವಾಗ ಅಂತ ಹೇಳ್ತಾರೆ ಅಂತ ಕಾದೆ. ಎಷ್ಟೋ ದಿನ ಆದ ಮೇಲೆ ಜೀಪು ಬಂತು. ಒಳಗೆ ಆ ಇಂಜಿನಿಯರ್ ಇರಲಿಲ್ಲ, ಅವರಿಗೆ ವರ್ಗ ಆಗಿತ್ತಂತೆ. ಬಂದಿದ್ದು ಒಬ್ಬ ಹೊಸ ಹುರುಪಿನ ಓವರ್‌ಸೀಯರ್, ಜೊತೆಗೆ ಇಬ್ಬರು ಆಳುಗಳು. ನನ್ನ ಮಾತಾಡಿಸೋ ಮೊದಲೇ ಕಂಬದ ಬೋಲ್ಟ್ ಬಿಚ್ಚೋಕೆ ಶುರು ಮಾಡಿದ್ರು.

"ಯಾಕೆ ಬಿಚ್ತಾ ಇದೀರಿ?" ಅಂದೆ.

"ಹೊಸ ಜಾಗ ಸದ್ಯಕ್ಕೆ ಬೇಡ ಅಂತ ತೀರ್ಮಾನ ಆಗಿದೆಯಮ್ಮ. ಇರೋ ನಿಲ್ದಾಣವನ್ನೇ ಉದ್ದ ಮಾಡ್ತಾರಂತೆ, ಕಟ್ಟಡ ದೊಡ್ಡದು ಮಾಡ್ತಾರಂತೆ. ತೀರ್ಮಾನ ಆಗಿ ತುಂಬ ದಿನ ಆಯ್ತು. ನಿಮಗೆ ಯಾರೂ ಹೇಳಲಿಲ್ವಾ?"

"ರೋಡು?"

"ನಿಲ್ದಾಣವೇ ಇಲ್ಲ ಅಂದ ಮೇಲೆ ರೋಡ್ಯಾಕಮ್ಮ ಇಲ್ಲಿಗೆ?"

ಅವನ ತಪ್ಪೇನೂ ಇಲ್ಲ. ಕೇಳಿದ್ದಕ್ಕೆ ಹೇಳಿದ. ನನಗೆ ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಮೈಯೆಲ್ಲ ಭಾರವಾಗಿ ಅಲ್ಲೇ ನೆಲದ ಮೇಲೆ ಕೂತ್ಕೊಂಡೆ. ಎರಡು ವರ್ಷದಿಂದ ಮೂರು ಹೊತ್ತು ಹತ್ತಿ ಇಳಿದ ದಣಿವೆಲ್ಲ ಒಟ್ಟಿಗೆ ಬಂದು ಮೈ ಮೇಲೆ ಬಿದ್ದಂಗಾಯ್ತು. ಅವರು ಕಂಬವನ್ನ ತುಂಡು ತುಂಡಾಗಿ ಬಿಚ್ಚಿ ಜೀಪಿನ ಮೇಲೆ ಕಟ್ಟಿದ್ರು. ಎಷ್ಟು ಹೊತ್ತು ಬೇಕಾಯ್ತು ಅದಕ್ಕೆ? ನಾನು ಒಂದು ಹೊತ್ತಿನ ಅಡುಗೆ ಮಾಡೋಷ್ಟು ಹೊತ್ತೂ ಇಲ್ಲ.

"ಇಲ್ಲಿಂದ ಎಲ್ಲಿಗೆ ಹೋಗ್ತೀರಿ?" ಅಂತ ಕೇಳಿದೆ.

"ದಾಬಸ್‌ಪೇಟೆಗಮ್ಮ. ಅಲ್ಲಿ ಇನ್ನೊಂದು ಸಾಮಾನು ಎತ್ಕೋಬೇಕು."

"ನನ್ನ ದೊಡ್ಡಬೆಳವಂಗಲದ ಹತ್ತಿರ ಬಿಡಿ. ನನ್ನ ತಾಯಿ ಹಾಸಿಗೆ ಹಿಡಿದಿದಾರೆ."

ಓವರ್‌ಸೀಯರ್ ಆಳುಗಳ ಮುಖ ನೋಡಿದ, ಆಮೇಲೆ ಹತ್ತಿ ಅಂದ. ಮನೆಗೆ ಓಡಿ ಮಗುವನ್ನ ಎತ್ಕೊಂಡೆ. ಅತ್ತೆಯವರು ಬಾಗಿಲಲ್ಲಿ ಎಲ್ಲಿಗೆ, ಯಾರನ್ನ ಕೇಳಿ ಅಂತ ಅಡ್ಡ ನಿಂತ್ರು. ಉತ್ತರ ಕೊಡದೆ ಪಕ್ಕದಲ್ಲಿ ಹಾದು ಬಂದೆ. ಕಂಬದ ತುಂಡುಗಳ ಕೆಳಗೆ, ಹಿಂದಿನ ಸೀಟಿನಲ್ಲಿ, ಮಗುವನ್ನ ತೊಡೆ ಮೇಲೆ ಹಾಕ್ಕೊಂಡು ಕೂತೆ. ಅವತ್ತು ನನಗೆ ತಿಳೀತು ಆ ದಾರಿ ಎಷ್ಟು ಚಿಕ್ಕದು ಅಂತ. ಮಗು ಒಂದು ನಿದ್ದೆ ತೆಗೆದು ಏಳೋದರೊಳಗೆ ದೊಡ್ಡಬೆಳವಂಗಲ ಬಂತು. ಓವರ್‌ಸೀಯರ್ ಏನನ್ನಿಸ್ತೋ, ಊರಿನ ಒಳಕ್ಕೇ ಬಿಡ್ತೀವಿ ಬನ್ನಿ ಅಂದು ಗಾಡಿ ಜಾಡಿನಲ್ಲೇ ಜೀಪು ತಿರುಗಿಸಿದ. ತವರೂರ ಜನ ಸದ್ದು ಕೇಳಿ ಬಾಗಿಲಿಗೆ ಬಂದ್ರು. ಯಾರೋ ಬಸ್ಸು ಬಂತು ಅಂದಿದ್ದು ನನಗೂ ಕೇಳಿಸ್ತು. ನನ್ನನ್ನ ಇಳಿಸಿ ಜೀಪು ಹೋಯ್ತು.

ಅವ್ವ ಅದೇ ನಡುಮನೆಯಲ್ಲಿ, ಅದೇ ಚಾಪೆ ಮೇಲೆ. ಮೈಯಲ್ಲಿ ಏನೂ ಉಳಿದಿರಲಿಲ್ಲ. ಕೈ ಹಿಡಿದ್ರೆ ಬರೀ ಮೂಳೆ ಸಿಕ್ತು. ಅತ್ತಿಗೆ ಒಳಗಿನಿಂದ ಬಂದು ಮಗುವನ್ನ ಎತ್ಕೊಂಡು ಹೋದಳು.

"ಬಸ್ಸಲ್ಲಿ ಬಂದ್ಯಾ ಮಗ?" ಅಂದಳು ಅವ್ವ.

ಹೌದು ಅಂದುಬಿಡಬಹುದಿತ್ತು. ಸುಳ್ಳು ಹೇಳೋಕೂ ತ್ರಾಣ ಬೇಕಲ್ಲ. "ಬಸ್ಸಲ್ಲ ಕಣವ್ವ, ಅವರ ಜೀಪು. ಬಸ್ಸು ಬರಲ್ಲ. ಅಲ್ಲಿ ಏನೂ ಕಟ್ಟಲ್ವಂತೆ, ಕಂಬ ಕಿತ್ಕೊಂಡು ಹೋದ್ರು" ಅಂದೆ. ಅಷ್ಟು ಹೇಳೋದರೊಳಗೆ ತಡ್ಕೊಂಡಿದ್ದೆಲ್ಲ ಒಡೆದು ಹೋಯ್ತು. ಅವ್ವನ ಹಾಸಿಗೆ ಅಂಚಿಗೆ ತಲೆ ಇಟ್ಟು ಅತ್ತೆ. "ನಿನಗೆ ಬಸ್ಸು ತರಿಸಬೇಕು ಅಂತಲೇ ಕಣವ್ವ ಇಷ್ಟು ದಿನ ನಾನು ಬರಲಿಲ್ಲ. ನಿನ್ನ ವಾರವಾರ ನೋಡಬಹುದು ಅಂತ. ಊರಿಗೆಲ್ಲ ಹೇಳ್ಕೊಂಡಿದ್ದೆ ನೀನು, ಈಗ ಜನಕ್ಕೆ ಏನು ಹೇಳ್ತೀಯ?"

ಅವ್ವ ನನ್ನ ತಲೆ ಮೇಲೆ ಕೈ ಇಟ್ಟಳು. ಆಮೇಲೆ ಮೆಲ್ಲಗೆ ಅಂದಳು, "ಬಸ್ಸು ಯಾರಿಗೆ ಬೇಕಿತ್ತು ಮಗ? ಮಗಳು ಯಾಕೆ ಬರಲ್ಲ, ಇಷ್ಟಾದ್ರೂ ಯಾಕೆ ಬರಲ್ಲ ಅಂತ ದಿನಾ ಒಬ್ಬರಲ್ಲ ಒಬ್ಬರು ಕೇಳೋರು. ಅವರಿಗೆ ಏನಾದ್ರೂ ಒಂದು ಹೇಳಬೇಕಿತ್ತಲ್ಲ."

ಅಷ್ಟು ಹೇಳಿ, ಹೋಗು, ಎದ್ದು ಉಂಡ್ಕೋ ಅಂದಳು.